ಎ-ಎ-ಎ ಎಂದರೆ ಲೈಸೀನೇ ಏಕೆ?

ಕಲಬುರಗಿಯ ಪಿಯು ಕಾಲೇಜೊಂದರಲ್ಲಿ ಹಲವು ವರ್ಷಗಳಿಂದ ಜೀವಶಾಸ್ತ್ರ ಕಲಿಸುತ್ತಿರುವ ನನಗೆ, ಆನುವಂಶಿಕ ಸಂಕೇತದ ಪಾಠ ಬಂದಾಗಲೆಲ್ಲ ಮನಸ್ಸಿಗೆ ಸಮಾಧಾನವಿರುವುದಿಲ್ಲ. ಆ ಪಾಠದಲ್ಲಿ 64 ಮನೆಗಳ ಒಂದು ಕೋಷ್ಟಕವಿದೆ. ಪ್ರತಿ ಮನೆಯಲ್ಲೂ ಮೂರು ಅಕ್ಷರ, ಅದರ ಪಕ್ಕದಲ್ಲಿ ಒಂದು ಅಮೈನೋ ಆಮ್ಲದ ಹೆಸರು. ಮಕ್ಕಳು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಬೇಸಿಗೆ ರಜೆಯೊಳಗೆ ಮರೆತೂ ಬಿಡುತ್ತಾರೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಎ-ಎ-ಎ ಅಂದ್ರ ಲೈಸೀನೇ ಯಾಕ್ರಿ? ಬ್ಯಾರೇದು ಯಾಕ ಆಗಬಾರ್ದು?" ಎಂದು ಕೇಳಿದಳು. ಆ ಕೋಷ್ಟಕವನ್ನು ಕಂಡಾಗ ಮೊದಲು ಹುಟ್ಟಬೇಕಾದ ಪ್ರಶ್ನೆ ಅದೇ. ಅಂದು ಗಂಟೆ ಹೊಡೆಯುವ ಮುನ್ನ ಉಳಿದಿದ್ದ ಐದು ನಿಮಿಷದಲ್ಲಿ ನಾನು ಕೊಟ್ಟ ಉತ್ತರ ಸಾಲದಾಗಿತ್ತು. ಅದನ್ನು ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಟ್ಟೆಯಿಂದಲೇ ಆರಂಭಿಸುವುದು ಸರಿಯೆನಿಸುತ್ತದೆ. ಕಲಬುರಗಿ, ಬೀದರ್, ಯಾದಗಿರಿಯ ಯಾವ ಮನೆಗೆ ಹೋದರೂ ಜೋಳದ ರೊಟ್ಟಿಯ ಪಕ್ಕದಲ್ಲಿ ತೊಗರಿ ಬ್ಯಾಳಿ ಇರುತ್ತದೆ. ಜೋಳದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ತೀರಾ ಕಡಿಮೆ. ತೊಗರಿಯಲ್ಲಿ ಅದು ಧಾರಾಳವಾಗಿದೆ. ತೊಗರಿಯಲ್ಲಿ ಮೆಥಿಯೋನೀನ್ ಎಂಬ ಇನ್ನೊಂದು ಅಮೈನೋ ಆಮ್ಲದ ಕೊರತೆಯಿದ್ದು, ಆ ಕೊರತೆಯನ್ನು ಜೋಳ ತಕ್ಕಮಟ್ಟಿಗೆ ನೀಗಿಸುತ್ತದೆ. ನಮ್ಮ ದೇಹದ ಪ್ರೋಟೀನ್‌ಗಳಿಗೆ ಬೇಕಾದ 20 ಅಮೈನೋ ಆಮ್ಲಗಳಲ್ಲಿ 9 ಆಹಾರದಿಂದಲೇ ಬರಬೇಕು, ಅವನ್ನು ನಾವು ತಯಾರಿಸಿಕೊಳ್ಳಲಾರೆವು. ಲೈಸೀನ್ ಮತ್ತು ಮೆಥಿಯೋನೀನ್ ಎರಡೂ ಆ ಒಂಬತ್ತರೊಳಗಿನವು. ಹಾಗಾದರೆ ಜೋಳದ ಕಾಳಿನಲ್ಲಿ ಲೈಸೀನ್ ಏಕೆ ಕಡಿಮೆ? ಇದು ಮಣ್ಣಿನ ದೋಷವಲ್ಲ, ಗೊಬ್ಬರದ ದೋಷವೂ ಅಲ್ಲ. ಇದರ ಕಾರಣ ಜೋಳದ ಡಿಎನ್‌ಎಯಲ್ಲಿ ಅಕ್ಷರ ರೂಪದಲ್ಲಿ ಬರೆದಿದೆ.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳನ್ನು ಒಂದರ ಹಿಂದೆ ಒಂದರಂತೆ ಪೋಣಿಸಿದ ಸರ. ಯಾವ ಮಣಿಯ ನಂತರ ಯಾವ ಮಣಿ ಬರಬೇಕು ಎಂಬ ಕ್ರಮವೇ ಆ ಸರ ಹೇಗೆ ಮಡಿಚಿಕೊಳ್ಳುತ್ತದೆ, ಏನು ಕೆಲಸ ಮಾಡುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಈ ಕ್ರಮ ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಸಾಲಾಗಿ ದಾಖಲಾಗಿರುತ್ತದೆ. ಪ್ರೋಟೀನ್ ಬೇಕಾದಾಗ ಜೀವಕೋಶವು ಆ ಭಾಗವನ್ನು, ಅಂದರೆ ಆ ಜೀನನ್ನು, ಸಂದೇಶವಾಹಕ ಆರ್‌ಎನ್‌ಎ ಎಂಬ ಪ್ರತಿಯಾಗಿ ಬರೆದುಕೊಳ್ಳುತ್ತದೆ; ಈ ಪ್ರತಿಯಲ್ಲಿ ಟಿ ಇರಬೇಕಾದಲ್ಲಿ ಯು ಇರುತ್ತದೆ. ರೈಬೋಸೋಮ್ ಎಂಬ ಯಂತ್ರ ಆ ಪ್ರತಿಯನ್ನು ಹಿಡಿದು, ಅಕ್ಷರಗಳನ್ನು ಓದುತ್ತ ಅಮೈನೋ ಆಮ್ಲಗಳನ್ನು ಜೋಡಿಸುತ್ತದೆ. ಅಕ್ಷರ ನಾಲ್ಕೇ, ಅಮೈನೋ ಆಮ್ಲ ಇಪ್ಪತ್ತು. ಒಂದೊಂದೇ ಅಕ್ಷರ ಓದಿದರೆ 4 ಪದ, ಎರಡೆರಡು ಓದಿದರೆ 16, ಎರಡೂ ಸಾಲವು. ಮೂರು ಮೂರು ಓದಿದರೆ 64 ಪದಗಳಾಗುತ್ತವೆ. ಈ ಮೂರಕ್ಷರದ ಪದಕ್ಕೆ ಕೋಡಾನ್ ಎಂದು ಹೆಸರು.

ಆದರೆ ಲೆಕ್ಕ ಸರಿಹೋದ ಮಾತ್ರಕ್ಕೆ ಪ್ರಕೃತಿ ಹಾಗೆಯೇ ಓದುತ್ತದೆ ಎನ್ನಲಾಗದು. ಅದನ್ನು ಪ್ರಯೋಗದಿಂದ ತೋರಿಸಿದವರು ಫ್ರಾನ್ಸಿಸ್ ಕ್ರಿಕ್, ಸಿಡ್ನಿ ಬ್ರೆನ್ನರ್ ಮತ್ತು ಅವರ ಸಂಗಡಿಗರು, 1961ರಲ್ಲಿ. ಅವರ ತರ್ಕವನ್ನು ತರಗತಿಯಲ್ಲಿ ನಾನು ಈ ವಾಕ್ಯದಿಂದ ವಿವರಿಸುತ್ತೇನೆ: "ಮಾವನು ಹೊಲಕೆ ಹೊರಟು ತೊಗರಿ ಬಿತ್ತಿದ." ಇದರಲ್ಲಿ ಪ್ರತಿ ಪದಕ್ಕೂ ಮೂರೇ ಅಕ್ಷರ. ಪದಗಳ ನಡುವೆ ಜಾಗ ಬಿಡದೆ "ಮಾವನುಹೊಲಕೆಹೊರಟುತೊಗರಿಬಿತ್ತಿದ" ಎಂದು ಬರೆದರೂ, ಮೊದಲಿನಿಂದ ಮೂರು ಮೂರಾಗಿ ಎಣಿಸಿಕೊಂಡು ಹೋದರೆ ಓದಲು ಅಡ್ಡಿಯಿಲ್ಲ. ಆರ್‌ಎನ್‌ಎ ಇರುವುದೂ ಹೀಗೆಯೇ, ಅದರಲ್ಲಿ ಪದಗಳ ನಡುವೆ ಜಾಗವಿಲ್ಲ. ಈಗ "ಲ" ಅಕ್ಷರವೊಂದನ್ನು ತೆಗೆದುಹಾಕಿ ಮೂರು ಮೂರಾಗಿಯೇ ಓದಿದರೆ "ಮಾವನು ಹೊಕೆಹೊ ರಟುತೊ ಗರಿಬಿ ತ್ತಿದ" ಎಂದಾಗುತ್ತದೆ. ಬಿಟ್ಟುಹೋದ ಜಾಗದಿಂದ ಮುಂದಕ್ಕೆ ಎಲ್ಲವೂ ಕೆಟ್ಟಿತು. ಅದರ ಸಮೀಪದಲ್ಲಿ "ಹೊ" ಎಂಬ ಇನ್ನೊಂದು ಅಕ್ಷರ ತೆಗೆದರೆ "ಮಾವನು ಹೊಕೆರ ಟುತೊಗ ರಿಬಿತ್ತಿ ದ" ಎಂದು ಕೆಟ್ಟೇ ಉಳಿಯುತ್ತದೆ. ಮೂರನೆಯದಾಗಿ "ರ" ತೆಗೆದರೆ? "ಮಾವನು ಹೊಕೆಟು ತೊಗರಿ ಬಿತ್ತಿದ." ನಡುವೆ ಒಂದು ಪದ ಹಾಳಾಗಿದೆ, ಆದರೆ ಮುಂದಿನ ಸಾಲು ಪುನಃ ಹಳಿಗೆ ಬಂದಿದೆ. ಬ್ಯಾಕ್ಟೀರಿಯಾಗಳಿಗೆ ಸೋಂಕು ತಗುಲಿಸುವ ವೈರಸ್ಸೊಂದರ ಜೀನಿನಲ್ಲಿ ಕ್ರಿಕ್ ತಂಡ ಕಂಡದ್ದು ಇದನ್ನೇ: ಒಂದು ಅಥವಾ ಎರಡು ಲೋಪವಾದರೆ ಜೀನು ಕೆಡುತ್ತಿತ್ತು, ಮೂರು ಸೇರಿದರೆ ಅದರ ಕೆಲಸ ಮರಳುತ್ತಿತ್ತು.

ಇದು ಪ್ರಯೋಗಾಲಯದ ಕುತೂಹಲಕ್ಕೆ ಮಾತ್ರ ಸೀಮಿತವಾದ ವಿಷಯವಲ್ಲ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತಹೀನತೆ ಉಂಟುಮಾಡುವ ಸಾಮಾನ್ಯ ದೋಷಗಳಲ್ಲೊಂದರಲ್ಲಿ, ಹಿಮೋಗ್ಲೋಬಿನ್ ಜೀನಿನ 41 ಮತ್ತು 42ನೇ ಕೋಡಾನ್‌ಗಳ ಜಾಗದಲ್ಲಿ 4 ಅಕ್ಷರಗಳು ಬಿಟ್ಟುಹೋಗಿರುತ್ತವೆ. ನಾಲ್ಕು ಮೂರರ ಗುಣಕವಲ್ಲ. ಅಲ್ಲಿಂದ ಮುಂದಿನ ಓದು ಪೂರ್ತಿ ಹಳಿ ತಪ್ಪುತ್ತದೆ, ಸರಿಯಾದ ಸರ ತಯಾರಾಗುವುದಿಲ್ಲ.

ಮೂರು ಮೂರಾಗಿ ಓದಬೇಕು ಎಂದು ತಿಳಿದರೂ ಯಾವ ಪದಕ್ಕೆ ಯಾವ ಅರ್ಥ ಎಂಬ ನಿಘಂಟು ಬೇಕಲ್ಲ. ನಮ್ಮ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ, 1980ರ ದಶಕದಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಅವುಗಳಲ್ಲೊಂದು ಕಾಳಿಯ ವಿಗ್ರಹಕ್ಕೆ ಪೀಠವಾಗಿ ಕುಳಿತಿತ್ತು. ಅದು ಸಿಕ್ಕ ಕೂಡಲೇ ಓದಲು ಸಾಧ್ಯವಾದದ್ದು, ಬ್ರಾಹ್ಮಿಯ ಯಾವ ಗೆರೆಗೆ ಯಾವ ಧ್ವನಿ ಎಂಬುದನ್ನು ಜೇಮ್ಸ್ ಪ್ರಿನ್ಸೆಪ್ 1837ರಷ್ಟು ಹಿಂದೆಯೇ ಬಿಡಿಸಿಟ್ಟಿದ್ದರಿಂದ. ಆ ಕೀಲಿ ಇಲ್ಲದಿದ್ದರೆ ಕಲ್ಲಿನ ಮೇಲಿನ ಗೆರೆಗಳು ಗೆರೆಗಳಾಗಿಯೇ ಉಳಿಯುತ್ತಿದ್ದವು. ಕೋಡಾನ್‌ಗಳ ಸ್ಥಿತಿಯೂ 1961ರ ಮೇ ತಿಂಗಳವರೆಗೆ ಹಾಗೆಯೇ ಇತ್ತು. ಆ ತಿಂಗಳ 27ರಂದು ಅಮೆರಿಕದ ಬೆಥೆಸ್ಡಾದಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಅವರ ಪ್ರಯೋಗಾಲಯದ ಹೈನ್ರಿಕ್ ಮಥಾಯಿ, ಬ್ಯಾಕ್ಟೀರಿಯಾಗಳನ್ನು ಅರೆದು ತೆಗೆದ ರಸಕ್ಕೆ ಬರೀ ಯು ಅಕ್ಷರವನ್ನೇ ಪೋಣಿಸಿದ ಕೃತಕ ಆರ್‌ಎನ್‌ಎ ಹಾಕಿದರು. ಯಾವ ಅಮೈನೋ ಆಮ್ಲ ಸರವಾಗುತ್ತದೆ ಎಂದು ನೋಡಲು ವಿಕಿರಣಶೀಲ ಗುರುತು ಹಚ್ಚಿದ ಅಮೈನೋ ಆಮ್ಲಗಳನ್ನು ಪರೀಕ್ಷಿಸಿದಾಗ, ಫಿನೈಲ್‌ಅಲನೀನ್ ಒಂದೇ ಸರವಾಗಿ ಬಂತು. ನಿಘಂಟಿನ ಮೊದಲ ಪದ ಸಿಕ್ಕಿತು: ಯು-ಯು-ಯು ಎಂದರೆ ಫಿನೈಲ್‌ಅಲನೀನ್.

ಉಳಿದ ಪದಗಳನ್ನು ಬಿಡಿಸುವುದರಲ್ಲಿ ಹರಗೋಬಿಂದ್ ಖೊರಾನಾ ಅವರ ಪಾಲು ದೊಡ್ಡದು. ಅವಿಭಜಿತ ಪಂಜಾಬಿನ ರಾಯ್‌ಪುರ ಎಂಬ ಸಣ್ಣ ಹಳ್ಳಿಯಲ್ಲಿ ಪಟವಾರಿಯೊಬ್ಬರ (ಊರಿನ ಜಮೀನು, ಕಂದಾಯದ ಲೆಕ್ಕ ಬರೆಯುವವರ) ಮಗನಾಗಿ ಹುಟ್ಟಿದವರು ಅವರು. ಪಟವಾರಿ ಎಂದರೆ ಏನು ಎಂಬುದನ್ನು ನಿಜಾಮರ ಕಾಲ ಕಂಡ ನಮ್ಮ ಹಿರಿಯರಿಗೆ ವಿವರಿಸಬೇಕಿಲ್ಲ. ಇಡೀ ಊರಿನಲ್ಲಿ ಓದುಬರಹ ಬಲ್ಲ ಕುಟುಂಬ ಹೆಚ್ಚುಕಡಿಮೆ ಅವರದೊಂದೇ ಆಗಿತ್ತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅವರು ತಮಗೆ ಬೇಕಾದ ಕ್ರಮದಲ್ಲಿ ಅಕ್ಷರ ಪೋಣಿಸಿದ ಆರ್‌ಎನ್‌ಎಗಳನ್ನು ಸಿದ್ಧಪಡಿಸಿದರು. ಯು ಮತ್ತು ಸಿ ಒಂದಾದ ಮೇಲೊಂದು ಬರುವ ಸಾಲನ್ನು ಕೊಟ್ಟಾಗ ಸೆರೀನ್ ಮತ್ತು ಲ್ಯೂಸೀನ್ ಒಂದಾದ ಮೇಲೊಂದು ಬಂದವು. ಏಕೆಂದರೆ ಆ ಸಾಲನ್ನು ಮೂರು ಮೂರಾಗಿ ಬಿಡಿಸಿದರೆ ಯು-ಸಿ-ಯು, ಸಿ-ಯು-ಸಿ ಎಂಬ ಎರಡೇ ಪದಗಳು ಸರದಿಯಂತೆ ಬರುತ್ತವೆ. 1966ರ ಹೊತ್ತಿಗೆ 64 ಮನೆಗಳೂ ತುಂಬಿದವು. 61 ಕೋಡಾನ್‌ಗಳು ಅಮೈನೋ ಆಮ್ಲಗಳನ್ನು ಸೂಚಿಸಿದರೆ ಯು-ಎ-ಎ, ಯು-ಎ-ಜಿ, ಯು-ಜಿ-ಎ ಎಂಬ ಮೂರು "ಇಲ್ಲಿಗೆ ನಿಲ್ಲಿಸು" ಎನ್ನುತ್ತವೆ. ಓದು ಸಾಮಾನ್ಯವಾಗಿ ಆರಂಭವಾಗುವುದು ಎ-ಯು-ಜಿಯಿಂದ. ಅದು ಮೆಥಿಯೋನೀನಿನ ಕೋಡಾನ್ ಸಹ ಹೌದು. 1968ರಲ್ಲಿ ಖೊರಾನಾ, ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಇಷ್ಟು ತಿಳಿದರೂ ಆ ಹುಡುಗಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಎ-ಎ-ಎ ಎಂಬ ಆರ್‌ಎನ್‌ಎ ತುಣುಕನ್ನೂ ಲೈಸೀನನ್ನೂ ಅಕ್ಕಪಕ್ಕ ಇಟ್ಟರೆ ಅವು ಬೀಗ ಮತ್ತು ಕೀಲಿಯಂತೆ ಒಂದಕ್ಕೊಂದು ಕೂಡುವುದಿಲ್ಲ. ಕ್ರಿಕ್ 1955ರಲ್ಲಿಯೇ ಇದನ್ನು ಊಹಿಸಿ, ಇವೆರಡರ ನಡುವೆ ಒಂದು ತುದಿಯಲ್ಲಿ ಕೋಡಾನನ್ನು ಗುರುತಿಸುವ, ಇನ್ನೊಂದು ತುದಿಯಲ್ಲಿ ಅಮೈನೋ ಆಮ್ಲವನ್ನು ಹೊತ್ತ ಮಧ್ಯವರ್ತಿಯೊಂದು ಇರಲೇಬೇಕು ಎಂದರು. ಅದೇ ಸಾಗಣೆ ಆರ್‌ಎನ್‌ಎ. ಅದರ ಒಂದು ತುದಿಯಲ್ಲಿ ಕೋಡಾನಿಗೆ ಜೋಡಿಯಾಗುವ ಮೂರು ಅಕ್ಷರಗಳಿವೆ, ಅವಕ್ಕೆ ಪ್ರತಿಕೋಡಾನ್ ಎನ್ನುತ್ತಾರೆ. ಇನ್ನೊಂದು ತುದಿಯಲ್ಲಿ ಅಮೈನೋ ಆಮ್ಲ ಅಂಟಿಕೊಂಡಿರುತ್ತದೆ. ರೈಬೋಸೋಮಿನೊಳಗೆ ಕೋಡಾನ್ ಮತ್ತು ಪ್ರತಿಕೋಡಾನ್ ಜೋಡಿಯಾದರೆ ಆ ಅಮೈನೋ ಆಮ್ಲ ಸರಕ್ಕೆ ಸೇರುತ್ತದೆ.

ಇಲ್ಲಿ 1962ರ ಒಂದು ಪ್ರಯೋಗವನ್ನು ನಿಧಾನವಾಗಿ ನೋಡಬೇಕು. ಇಡೀ ಅಧ್ಯಾಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ. ಸಿಸ್ಟೀನ್ ಮತ್ತು ಅಲನೀನ್ ಎಂಬ ಅಮೈನೋ ಆಮ್ಲಗಳ ನಡುವಿನ ವ್ಯತ್ಯಾಸ ಬಹಳ ಚಿಕ್ಕದು. ಸಿಸ್ಟೀನಿನಲ್ಲಿ ಒಂದು ಗಂಧಕದ ಪರಮಾಣು ಇದೆ. ಅದನ್ನು ಕಿತ್ತು ಅದರ ಜಾಗಕ್ಕೆ ಹೈಡ್ರೋಜನ್ ಇಟ್ಟರೆ ಅಲನೀನ್ ಆಗುತ್ತದೆ. ಫ್ರಾಂಸ್ವಾ ಶಾಪ್‌ವಿಲ್ ಮತ್ತು ಸಂಗಡಿಗರು, ಸಿಸ್ಟೀನ್ ಹೊತ್ತಿದ್ದ ಸಾಗಣೆ ಆರ್‌ಎನ್‌ಎಯನ್ನು ತೆಗೆದುಕೊಂಡು, ನಿಕ್ಕಲ್ ಬಳಸಿ ಅದರ ಮೇಲೆಯೇ ಗಂಧಕವನ್ನು ಕಿತ್ತರು. ಈಗ ಆ ಸಾಗಣೆ ಆರ್‌ಎನ್‌ಎ ಸಿಸ್ಟೀನಿನದು, ಆದರೆ ಅದರ ಮೇಲಿರುವುದು ಅಲನೀನ್. ಇದನ್ನು ರೈಬೋಸೋಮ್‌ಗಳಿಗೆ ಒಪ್ಪಿಸಿದಾಗ, ಸಿಸ್ಟೀನ್ ಬರಬೇಕಾದ ಜಾಗದಲ್ಲೆಲ್ಲ ಅವು ಯಾವ ತಕರಾರೂ ಇಲ್ಲದೆ ಅಲನೀನನ್ನು ಜೋಡಿಸಿದವು. ರೈಬೋಸೋಮ್ ಪ್ರತಿಕೋಡಾನನ್ನು ಪರಿಶೀಲಿಸುತ್ತದೆ, ಹೊತ್ತು ತಂದ ಸರಕು ಯಾವುದೆಂದು ಬಿಚ್ಚಿ ನೋಡುವುದಿಲ್ಲ.

ಹಾಗಾದರೆ ಕೋಡಾನಿನ ಅರ್ಥ ನಿಜವಾಗಿ ನಿರ್ಧಾರವಾಗುವುದು ರೈಬೋಸೋಮಿನಲ್ಲಿ ಅಲ್ಲ. ಅದಕ್ಕೂ ಮೊದಲೇ, ಯಾವ ಸಾಗಣೆ ಆರ್‌ಎನ್‌ಎ ಮೇಲೆ ಯಾವ ಅಮೈನೋ ಆಮ್ಲವನ್ನು ಏರಿಸಬೇಕು ಎಂದು ತೀರ್ಮಾನಿಸುವ ಜಾಗದಲ್ಲಿ. ಆ ತೀರ್ಮಾನ ಮಾಡುವವು ಸಿಂಥಟೇಸ್ ಎಂಬ ಕಿಣ್ವಗಳು. ಸಾಮಾನ್ಯವಾಗಿ ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು. ಆನುವಂಶಿಕ ಸಂಕೇತದ ನಿಘಂಟು ಎಲ್ಲಿದೆ ಎಂದು ಕೇಳಿದರೆ, ಈ ಕಿಣ್ವಗಳಲ್ಲಿದೆ ಎಂಬುದೇ ಸರಿಯಾದ ಉತ್ತರ.

ಇವುಗಳ ಕೆಲಸ ಸುಲಭದ್ದಲ್ಲ. ಐಸೊಲ್ಯೂಸೀನ್ ಮತ್ತು ವ್ಯಾಲೀನ್ ಎಂಬೆರಡು ಅಮೈನೋ ಆಮ್ಲಗಳು ಅಣ್ಣತಮ್ಮಂದಿರಂತೆ. ಐಸೊಲ್ಯೂಸೀನಿನಲ್ಲಿ ಒಂದು ಕಾರ್ಬನ್ ಮತ್ತು ಎರಡು ಹೈಡ್ರೋಜನ್ ಪರಮಾಣುಗಳು ಹೆಚ್ಚು, ಅಷ್ಟೇ. ಐಸೊಲ್ಯೂಸೀನಿಗಾಗಿ ಮಾಡಿದ ಗೂಡಿನಲ್ಲಿ ಚಿಕ್ಕದಾದ ವ್ಯಾಲೀನ್ ಸಹ ಕೂತುಬಿಡಬಲ್ಲದು. ಇದನ್ನು ಆ ಕಿಣ್ವ ನಿಭಾಯಿಸುವ ರೀತಿಯನ್ನು ವಿಜ್ಞಾನಿಗಳೇ "ಜೋಡಿ ಜರಡಿ" ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ, ಮತ್ತು ಕಲಬುರಗಿಯ ದಾಲ್ ಮಿಲ್ ನೋಡಿದವರಿಗೆ ಅದು ಥಟ್ಟನೆ ಅರ್ಥವಾಗುತ್ತದೆ. ಮೇಲಿನ ಜರಡಿಯ ತೂತು ದೊಡ್ಡದು: ಕಲ್ಲು, ಕಡ್ಡಿಗಳು ಮೇಲೆಯೇ ಉಳಿದು ಕಾಳು ಕೆಳಗಿಳಿಯುತ್ತದೆ. ಕೆಳಗಿನ ಜರಡಿಯ ತೂತು ಸಣ್ಣದು: ನುಚ್ಚು, ದೂಳು ಅದರಿಂದ ಸೋರಿಹೋಗಿ, ಬೇಕಾದ ಕಾಳು ನಡುವೆ ನಿಲ್ಲುತ್ತದೆ. ಕಿಣ್ವದ ಮೊದಲ ಗೂಡು ಐಸೊಲ್ಯೂಸೀನಿಗಿಂತ ದೊಡ್ಡವನ್ನು ಹೊರಗಿಡುತ್ತದೆ. ಎರಡನೆಯ ಗೂಡು ಐಸೊಲ್ಯೂಸೀನ್ ಹಿಡಿಯದಷ್ಟು ಚಿಕ್ಕದು. ಅದರೊಳಗೆ ಹೊಕ್ಕ ವ್ಯಾಲೀನನ್ನು ಕಿಣ್ವ ಕತ್ತರಿಸಿ ಹೊರಹಾಕುತ್ತದೆ.

ಸರಿಯಾದ ಸಾಗಣೆ ಆರ್‌ಎನ್‌ಎ ಯಾವುದೆಂದು ಗುರುತಿಸಲು ಹಲವು ಸಿಂಥಟೇಸ್‌ಗಳು ಪ್ರತಿಕೋಡಾನನ್ನು ಮುಟ್ಟಿ ನೋಡುತ್ತವೆ. ಅಲನೀನಿನ ಕಿಣ್ವ ಮಾತ್ರ ಅದರ ಗೊಡವೆಗೇ ಹೋಗುವುದಿಲ್ಲ. ಸಾಗಣೆ ಆರ್‌ಎನ್‌ಎಯ ಇನ್ನೊಂದು ಭಾಗದಲ್ಲಿ ಜಿ ಮತ್ತು ಯು ಎಂಬ ಒಂದು ಜೋಡಿ ಇದೆಯೇ ಎಂದಷ್ಟೇ ಅದು ನೋಡುತ್ತದೆ ಎಂಬುದು 1988ರಲ್ಲಿ ತಿಳಿದುಬಂತು. ಕೋಡಾನಿಗೂ ಅಮೈನೋ ಆಮ್ಲಕ್ಕೂ ನೇರ ನಂಟು ಇಂದು ಇಲ್ಲ ಎನ್ನಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಕಾಣದು. ಆದಿಯಲ್ಲಿ ಕೆಲವು ಅಮೈನೋ ಆಮ್ಲಗಳಿಗೂ ಕೆಲವು ಆರ್‌ಎನ್‌ಎ ತುಣುಕುಗಳಿಗೂ ರಾಸಾಯನಿಕ ಒಲವು ಇದ್ದಿರಬಹುದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಇಂದು ನಮ್ಮ ಜೀವಕೋಶದಲ್ಲಿ ಎ-ಎ-ಎ ಎಂದರೆ ಲೈಸೀನ್ ಆಗಿರುವುದು, ಎ-ಎ-ಎಗೆ ಜೋಡಿಯಾಗುವ ಸಾಗಣೆ ಆರ್‌ಎನ್‌ಎ ಮೇಲೆ ಒಂದು ಕಿಣ್ವ ಲೈಸೀನನ್ನೇ ಏರಿಸಿ ಕಳಿಸುವುದರಿಂದ.

ಈಗ ರೊಟ್ಟಿಗೆ ಮರಳಬಹುದು. ಜೋಳದ ಕಾಳಿನ ಮುಖ್ಯ ಸಂಗ್ರಹ ಪ್ರೋಟೀನ್‌ಗಳಿಗೆ ಕಾಫಿರಿನ್ ಎಂದು ಹೆಸರು. ಅವುಗಳ ಜೀನ್‌ಗಳಲ್ಲಿ ಲೈಸೀನನ್ನು ಕರೆಯುವ ಎ-ಎ-ಎ ಮತ್ತು ಎ-ಎ-ಜಿ ಎಂಬ ಕೋಡಾನ್‌ಗಳು ಅತಿ ವಿರಳ. ಹೊಲಕ್ಕೆ ಎಷ್ಟು ಗೊಬ್ಬರ ಹಾಕಿದರೂ ಕಾಫಿರಿನ್‌ನಲ್ಲಿ ಲೈಸೀನ್ ಬಾರದು, ಏಕೆಂದರೆ ಆ ಬರಹದಲ್ಲಿ ಆ ಪದವೇ ಹೆಚ್ಚುಕಡಿಮೆ ಇಲ್ಲ. ನಮ್ಮ ದೇಹದ ಬರಹದಲ್ಲಿ ಅದು ಬೇಕಾದಷ್ಟಿದೆ. ಹಿಮೋಗ್ಲೋಬಿನ್‌ನ ಬೀಟಾ ಸರದ ಸಂದೇಶ ಆರಂಭವಾಗುವುದು ಹೀಗೆ: ಎ-ಯು-ಜಿ, ಜಿ-ಯು-ಜಿ, ಸಿ-ಎ-ಯು, ಸಿ-ಯು-ಜಿ, ಎ-ಸಿ-ಯು, ಸಿ-ಸಿ-ಯು, ಜಿ-ಎ-ಜಿ, ಜಿ-ಎ-ಜಿ, ಎ-ಎ-ಜಿ. ಅಂದರೆ ಮೆಥಿಯೋನೀನ್, ವ್ಯಾಲೀನ್, ಹಿಸ್ಟಿಡೀನ್, ಲ್ಯೂಸೀನ್, ಥ್ರಿಯೋನೀನ್, ಪ್ರೋಲೀನ್, ಗ್ಲುಟಮೇಟ್, ಗ್ಲುಟಮೇಟ್, ಲೈಸೀನ್. ಮೊದಲ ಮೆಥಿಯೋನೀನನ್ನು ಕೋಶ ಆಮೇಲೆ ಕತ್ತರಿಸುವುದರಿಂದ ಲೈಸೀನ್ ಎಂಟನೆಯದಾಗುತ್ತದೆ. 146 ಮಣಿಗಳ ಆ ಸರದಲ್ಲಿ ಲೈಸೀನ್ 11 ಕಡೆ ಬರುತ್ತದೆ. ಲೈಸೀನ್ ಹೊತ್ತ ಸಾಗಣೆ ಆರ್‌ಎನ್‌ಎ ಬರುವವರೆಗೆ ರೈಬೋಸೋಮ್ ಆ ಜಾಗದಲ್ಲಿ ಕಾಯಬೇಕು. ಬೇರೆ ಮಣಿಯಿಂದ ಅದನ್ನು ತುಂಬುವ ಹಾಗಿಲ್ಲ. ರೊಟ್ಟಿಯ ಪಕ್ಕದ ಬ್ಯಾಳಿ ಪೂರೈಸುವುದು ಇದನ್ನೇ. ಆ ತೊಗರಿಯ ಬರಹವೂ ಈಗ ಓದಲು ಸಿಗುತ್ತದೆ: ಕಲಬುರಗಿಯಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ ಪಟಾಂಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ನೇತೃತ್ವದ ತಂಡ, "ಆಶಾ" ತಳಿಯ ತೊಗರಿಯ ಜೀನೋಮಿನ (ಇಡೀ ಡಿಎನ್‌ಎ ಬರಹದ) ಕರಡನ್ನು 2011ರಲ್ಲಿ ಪ್ರಕಟಿಸಿ, ಅದರಲ್ಲಿ 48,680 ಜೀನ್‌ಗಳನ್ನು ಗುರುತಿಸಿತು.

ಮೇಲಿನ ಸಾಲಿನ ಆರನೆಯ ಮಣಿಯನ್ನು, ಜಿ-ಎ-ಜಿಯನ್ನು, ಇನ್ನೊಮ್ಮೆ ನೋಡಬೇಕು. ಅದರ ನಡುವಿನ ಎ ಹೋಗಿ ಯು ಬಂದರೆ ಜಿ-ಯು-ಜಿ ಆಗುತ್ತದೆ, ಗ್ಲುಟಮೇಟ್ ಬದಲು ವ್ಯಾಲೀನ್ ಬರುತ್ತದೆ. ಗ್ಲುಟಮೇಟ್ ವಿದ್ಯುದಂಶ ಹೊತ್ತು ನೀರಿಗೆ ಒಲಿಯುವಂಥದ್ದು, ವ್ಯಾಲೀನ್ ಎಣ್ಣೆಯಂತೆ ನೀರಿನಿಂದ ದೂರ ಸರಿಯುವಂಥದ್ದು. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಕಣಗಳು ಆ ಜಾಗದಲ್ಲಿ ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ತಂದೆತಾಯಿ ಇಬ್ಬರಿಂದಲೂ ಈ ಬದಲಾವಣೆ ಬಂದ ಮಗುವಿಗೆ ಅದು ಜೀವಮಾನದ ನೋವು. ಕುಡುಗೋಲು ಕಣ ರೋಗ (ಸಿಕಲ್ ಸೆಲ್) ಎಂಬ ಈ ಕಾಯಿಲೆಯ ಮೂಲದಲ್ಲಿರುವುದು ಒಂದೇ ಅಮೈನೋ ಆಮ್ಲದ ವ್ಯತ್ಯಾಸ ಎಂದು ವರ್ನನ್ ಇಂಗ್ರಾಂ 1957ರಲ್ಲಿ ತೋರಿಸಿದರು. ಅದೇ ಕೋಡಾನಿನ ಮೂರನೆಯ ಅಕ್ಷರ ಬದಲಾಗಿ ಜಿ-ಎ-ಎ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಅದಕ್ಕೂ ಗ್ಲುಟಮೇಟ್ ಎಂದೇ ಅರ್ಥ. 61 ಕೋಡಾನ್‌ಗಳನ್ನು 20 ಅಮೈನೋ ಆಮ್ಲಗಳು ಹಂಚಿಕೊಂಡಿರುವುದರಿಂದ ಲ್ಯೂಸೀನ್, ಸೆರೀನ್, ಆರ್ಜಿನೀನ್‌ಗಳಿಗೆ ಆರಾರು ಕೋಡಾನ್‌ಗಳಿವೆ. ಮೆಥಿಯೋನೀನ್ ಮತ್ತು ಟ್ರಿಪ್ಟೊಫ್ಯಾನ್‌ಗಳಿಗೆ ಮಾತ್ರ ಒಂದೊಂದೇ. ಸಮಾನಾರ್ಥಕ ಕೋಡಾನ್‌ಗಳು ಹೆಚ್ಚಾಗಿ ಮೂರನೆಯ ಅಕ್ಷರದಲ್ಲಷ್ಟೇ ಬೇರೆಯಾಗುತ್ತವೆ, ಆ ಜಾಗದ ಜೋಡಣೆಯಲ್ಲಿ ಸ್ವಲ್ಪ ಸಡಿಲವೂ ಇದೆ. ಇನ್ನು ನಡುವಿನ ಅಕ್ಷರ ಯು ಇರುವ ಕೋಡಾನ್‌ಗಳೆಲ್ಲ ನೀರಿನಿಂದ ದೂರ ಸರಿಯುವ ಅಮೈನೋ ಆಮ್ಲಗಳನ್ನೇ ಸೂಚಿಸುತ್ತವೆ. ಆದ್ದರಿಂದ ಒಂದಕ್ಷರದ ಎಷ್ಟೋ ತಪ್ಪುಗಳು ಅರ್ಥವನ್ನು ಕೆಡಿಸುವುದಿಲ್ಲ, ಅಥವಾ ಅದೇ ಸ್ವಭಾವದ ಮಣಿಯನ್ನೇ ತರುತ್ತವೆ.

ಈ ನಿಘಂಟು ಜೀವಿಯಿಂದ ಜೀವಿಗೆ ಬದಲಾಗುವುದು ತೀರಾ ಅಪರೂಪ. ಶಹಾಪುರ, ಸುರಪುರದ ಕಪ್ಪು ನೆಲದಲ್ಲಿ ಬೆಳೆಯುವ ಬಿಟಿ ಹತ್ತಿಯೇ ಅದಕ್ಕೆ ನಿದರ್ಶನ. 2002ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಆ ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಪಡೆದ ಜೀನ್ ಇದೆ. ಅದನ್ನು ಹತ್ತಿಯ ರೈಬೋಸೋಮ್ ಓದಿ, ಬ್ಯಾಕ್ಟೀರಿಯಾ ತಯಾರಿಸುವಂಥದ್ದೇ ಕೀಟನಾಶಕ ಪ್ರೋಟೀನನ್ನು ಜೋಡಿಸುತ್ತದೆ. ಆರಂಭದಲ್ಲಿ ಬ್ಯಾಕ್ಟೀರಿಯಾದ ಜೀನನ್ನು ಇದ್ದಂತೆಯೇ ಸಸ್ಯಗಳಿಗೆ ಸೇರಿಸಿದಾಗ ಪ್ರೋಟೀನ್ ಬಹಳ ಕಡಿಮೆ ಬರುತ್ತಿತ್ತು. ಅಮೈನೋ ಆಮ್ಲಗಳ ಕ್ರಮವನ್ನು ಹಾಗೆಯೇ ಉಳಿಸಿ, ಸಸ್ಯಗಳಿಗೆ ಒಗ್ಗುವ ಸಮಾನಾರ್ಥಕ ಕೋಡಾನ್‌ಗಳಿಂದ ಆ ಜೀನನ್ನು ತಿದ್ದಿ ಬರೆದ ಮೇಲೆ ಇಳುವರಿ ಹೆಚ್ಚಿತು. ಅರ್ಥ ಒಂದೇ ಆದರೂ ಊರಿಗೊಂದು ಮಾತಿನ ರೂಢಿ ಇರುವಂತೆ, ಯಾವ ಸಮಾನಾರ್ಥಕ ಕೋಡಾನನ್ನು ಹೆಚ್ಚಾಗಿ ಬಳಸಬೇಕು ಎಂಬ ರೂಢಿ ಜೀವಿಯಿಂದ ಜೀವಿಗೆ ಬೇರೆಯಾಗುತ್ತದೆ.

ನಿಘಂಟು ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಕಾರಣವೂ ಸಿಂಥಟೇಸ್‌ಗಳ ಕೆಲಸದಲ್ಲೇ ಇದೆ. ಜೀನೊಂದರಲ್ಲಿ ತಪ್ಪಾದರೆ ಕೆಡುವುದು ಒಂದು ಪ್ರೋಟೀನ್. ಒಂದು ಕೋಡಾನಿನ ಅರ್ಥವೇ ಬದಲಾದರೆ ಆ ಪದ ಬರುವ ಸಾವಿರಾರು ಪ್ರೋಟೀನ್‌ಗಳು ಏಕಕಾಲಕ್ಕೆ ಬದಲಾಗುತ್ತವೆ, ಅದನ್ನು ತಾಳಿಕೊಂಡು ಬದುಕುವುದು ಕಷ್ಟ. ಆದರೂ ಕೆಲವೆಡೆ ಅರ್ಥ ಬದಲಾಗಿದೆ, ಮತ್ತು ಅಂಥ ಒಂದು ಜಾಗ ನಮ್ಮೊಳಗೇ ಇದೆ. ನಮ್ಮ ಜೀವಕೋಶದ ದ್ರವದಲ್ಲಿ ಯು-ಜಿ-ಎ ಬಂದರೆ ಸಾಮಾನ್ಯವಾಗಿ ಸರ ನಿಲ್ಲುತ್ತದೆ. ಅದೇ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಎಂಬ ಭಾಗಗಳು ತಮ್ಮದೇ ಪುಟ್ಟ ಡಿಎನ್‌ಎ ಇಟ್ಟುಕೊಂಡಿವೆ; ಅಲ್ಲಿ ಯು-ಜಿ-ಎ ಬಂದರೆ ಸರ ನಿಲ್ಲದೆ ಟ್ರಿಪ್ಟೊಫ್ಯಾನ್ ಸೇರುತ್ತದೆ ಎಂಬುದು 1979ರಲ್ಲಿ ಗೊತ್ತಾಯಿತು. ಅಕ್ಷರಗಳು ಅವೇ, ಕೋಶವೂ ಅದೇ. ಆದರೆ ಮೈಟೋಕಾಂಡ್ರಿಯಾದಲ್ಲಿ ಯು-ಜಿ-ಎಗೆ ಜೋಡಿಯಾಗಬಲ್ಲ ಸಾಗಣೆ ಆರ್‌ಎನ್‌ಎ ಒಂದಿದೆ, ಮತ್ತು ಅಲ್ಲಿನ ಕಿಣ್ವ ಅದರ ಮೇಲೆ ಟ್ರಿಪ್ಟೊಫ್ಯಾನನ್ನು ಏರಿಸಿ ಕಳಿಸುತ್ತದೆ.